ಅಜ್ಜಿ ಗುರುತು ಹಾಕಿಟ್ಟ ತಾರೀಖು



ಕಳೆದ ತಿಂಗಳು ಮಾಟುಂಗಾದಿಂದ ಧಾರವಾಡದ ಕಡೆಯ ಅಜ್ಜಿಯೊಬ್ಬರು ಫೋನ್ ಮಾಡಿದ್ದರು. ಹಾಡು ಕೇಳುವುದಕ್ಕಲ್ಲ. "ತಂಗೀ, ನ್ಯೂಜೆರ್ಸಿಯೊಳಗ ನನ್ನ ಮೊಮ್ಮಗಗ ಲಸಿಕಿ ಹಾಕಿಸಿದ ಮರುದಿನ ಫಿಟ್ಸ್ ಬಂತು. ಇನ್ನೂ ನಿಂತಿಲ್ಲ. ಕಂಪನಿ ಮ್ಯಾಲೆ ಕೇಸು ಹಾಕಬಹುದೇನು?" ನಾನು ಓದಿದ್ದು ಕನ್ನಡ ಬಿ.ಎ.! ಆದರೂ ಕೇಳಿ, ಓದಿ ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮಲ್ಲೂ ಎಷ್ಟೋ ಜನರ ಮಕ್ಕಳು ಅಲ್ಲಿದ್ದಾರೆ. ನಮ್ಮ ದೇಶದ ಮಾತು ಬೇರೆ, ಅದು ಇನ್ನೊಂದು ದಿನ.

ಮಕ್ಕಳ ಲಸಿಕೆಗಳ ವಿಷಯದಲ್ಲಿ ಅಮೆರಿಕದಲ್ಲಿ ನೇರವಾಗಿ ಕಂಪನಿಯ ಮೇಲೆ ಹೋಗುವಂತಿಲ್ಲ. ಅದಕ್ಕೆಂದೇ 1986ರಲ್ಲಿ ಕಾನೂನು ಮಾಡಿದರು, 1988ರಲ್ಲಿ ಪರಿಹಾರ ಯೋಜನೆ ಶುರುವಾಯಿತು. ಮೊದಲು ವಾಷಿಂಗ್ಟನ್ನಿನ ಒಂದು ಫೆಡರಲ್ ನ್ಯಾಯಾಲಯಕ್ಕೇ ಅರ್ಜಿ. ಎದುರಾಳಿ ಕಂಪನಿಯಲ್ಲ, ಆರೋಗ್ಯ ಇಲಾಖೆ. ದುಡ್ಡು ಬರುವುದು ಲಸಿಕೆಯ ಮೇಲಿನ ತೆರಿಗೆಯಿಂದ: ಒಂದು ಡೋಸು ತಡೆಯುವ ಪ್ರತಿ ಕಾಯಿಲೆಗೆ 75 ಸೆಂಟ್.

ಯಾರದು ತಪ್ಪು ಎಂದು ತೋರಿಸಬೇಕಿಲ್ಲ. ಆದರೆ ಲಸಿಕೆಯಿಂದಲೇ ಆಯಿತೆಂದು ತೋರಿಸಬೇಕು. ಕಷ್ಟ ಇರುವುದು ಇಲ್ಲೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುವುದುಂಟಲ್ಲ? ಮರುದಿನ ಬಂತು ಎಂದಷ್ಟಕ್ಕೇ ಲಸಿಕೆಯಿಂದ ಬಂತು ಎಂದಾಗುವುದಿಲ್ಲ. ಹಾಗಾಗಿ ಕಾನೂನಿನಲ್ಲೊಂದು ಪಟ್ಟಿಯಿದೆ. ಕೆಲವು ಲಸಿಕೆಗಳಿಂದ ತೀವ್ರ ಅಲರ್ಜಿ 4 ಗಂಟೆಯೊಳಗೆ ಕಾಣಿಸಿಕೊಂಡರೆ, ಬೇರೆ ಕಾರಣ ಸಿಗದಿದ್ದರೆ, ಲಸಿಕೆಯೇ ಕಾರಣವೆಂದು ಹಿಡಿಯುತ್ತಾರೆ. ಪಟ್ಟಿಗೆ ಹೊಂದದ್ದಕ್ಕೆ ವೈದ್ಯರ ಸಾಕ್ಷ್ಯವೇ ಗತಿ. ಆಟಿಸಂ ಲಸಿಕೆಯಿಂದ ಬಂತೆಂದು ಸಾವಿರಾರು ತಂದೆತಾಯಿಗಳು ಹೋಗಿದ್ದರು. ಮಾದರಿಯಾಗಿ ಎತ್ತಿಕೊಂಡ ಪ್ರಕರಣಗಳನ್ನು 2009 ಮತ್ತು 2010ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಆ ತಂದೆತಾಯಿಗಳ ಸಂಕಟ ಸುಳ್ಳೆಂದು ನಾನಂತೂ ಹೇಳಲಾರೆ. ವಿಜ್ಞಾನ ಮಾತ್ರ ಅವರ ಕಡೆ ಇರಲಿಲ್ಲ.

ಅರ್ಜಿ ಪ್ರಾಮಾಣಿಕವಾಗಿದ್ದು, ತಕ್ಕ ಆಧಾರವಿದ್ದರೆ, ಸೋತರೂ ವಕೀಲರ ಫೀಸು ಅಲ್ಲಿಂದಲೇ ಸಿಗಬಹುದು. ಇದನ್ನು ಕೇಳಿ ಅಜ್ಜಿ ಉಸಿರು ಬಿಟ್ಟರು. ಮುಂದಿನದು ಗಡುವು: ಮೊದಲ ಲಕ್ಷಣ ಕಂಡ ದಿನದಿಂದ 3 ವರ್ಷದೊಳಗೆ ಅರ್ಜಿ ಹಾಕಬೇಕು. ಡಾಕ್ಟರು ಕಾಯಿಲೆಗೆ ಹೆಸರಿಟ್ಟ ದಿನದಿಂದಲ್ಲ.

"ಮೊದಲ ಫಿಟ್ಸ್ ಯಾವತ್ತು ಬಂತು, ಅಜ್ಜೀ?"

"ತಡೀ," ಎಂದು ಒಳಗೆ ಹೋದರು. ಮಗಳ ಫೋನ್ ಬಂದ ರಾತ್ರಿಯೇ ಕಾಲನಿರ್ಣಯದಲ್ಲಿ ಗುರುತು ಹಾಕಿದ್ದರಂತೆ. ಆ ಹಳೆಯ ಕ್ಯಾಲೆಂಡರು ಮೊಳೆಯಲ್ಲೇ ಇತ್ತು. ಇಬ್ಬರೂ ಲೆಕ್ಕ ಹಾಕಿದೆವು. 2 ವರ್ಷ 9 ತಿಂಗಳು ಕಳೆದಿತ್ತು.

ಆಗ ಅಲ್ಲಿ ನಡುರಾತ್ರಿ. ಅಜ್ಜಿ ಬೆಳಗಾಗುವವರೆಗೂ ಕಾಯಲಿಲ್ಲ, ಮಗಳಿಗೆ ಫೋನ್ ಮಾಡಿದರು.