ತಾಳೆಯಾಗದ ಬೆಳಕಿನ ಲೆಕ್ಕ
(ಮುನಿರ್ಕಾದಲ್ಲಿ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಮುನಿರ್ಕಾದ ಮಹಡಿಗಳ ಮೇಲೆ ನಿಂತರೆ ಕಾಣುವ ನಕ್ಷತ್ರಗಳನ್ನು ಬೆರಳುಗಳಲ್ಲೇ ಎಣಿಸಿ ಮುಗಿಸಬಹುದು. ಇಂತಹ ಆಕಾಶದಡಿ ಕುಳಿತು ನಕ್ಷತ್ರಸ್ಫೋಟದ ಮಾತನಾಡುವುದು ಸಾಹಸವೇ ಸರಿ. ಆದರೆ ವೃತ್ತಿಯಿಂದ ಜಮಾಖರ್ಚು ನೋಡುವ ನನಗೆ ಈ ವಿಷಯ ಹಿಡಿಸಿದ್ದು, ಇಲ್ಲಿ ಜಮೆಗಿಂತ ಖರ್ಚೇ ಅಧಿಕವಾಗಿ ಕಾಣುವುದರಿಂದ.

ಭಾರಿ ತಾರೆಯೊಂದರ ಗರ್ಭ ಇಂಧನ ತೀರಿ ಕುಸಿದಾಗ ಹೊರಪದರಗಳು ಸಿಡಿಯುತ್ತವೆ; ಅದೇ ಮಹಾನವ್ಯ, ಅಂದರೆ ಸೂಪರ್‌ನೋವಾ. ಜಲಜನಕದ ಹೊದಿಕೆ ಕಳೆದುಕೊಂಡ ತಾರೆ ಸಿಡಿದರೆ, ಆ ಬಳಿಕದ ಬೆಳಕು ಬಹುಮಟ್ಟಿಗೆ ಸ್ಫೋಟದಲ್ಲಿ ಹುಟ್ಟಿದ ವಿಕಿರಣಶೀಲ ನಿಕಲ್‌ನದು. ನಿಕಲ್ ಕೋಬಾಲ್ಟ್ ಆಗುತ್ತದೆ, ಅರ್ಧಾಯು 6 ದಿನ. ಕೋಬಾಲ್ಟ್ ಕಬ್ಬಿಣವಾಗುತ್ತದೆ, ಅರ್ಧಾಯು 77 ದಿನ. ಸಾಧಾರಣ ಮಹಾನವ್ಯಕ್ಕೆ ಸೂರ್ಯನ ಹತ್ತನೆಯ ಒಂದು ಪಾಲಿನಷ್ಟು ನಿಕಲ್ ಸಾಕು. ಆದರೆ ಅದರ ಹತ್ತರಿಂದ ನೂರು ಪಟ್ಟು ಬೆಳಗುವ ಅತಿಪ್ರಭೆಯ ಮಹಾನವ್ಯಗಳಿವೆ. ಅವಕ್ಕೆ ಹಲವು ಸೂರ್ಯರ ತೂಕದ ನಿಕಲ್ ಬೇಕು. ಕೆಲವೆಡೆ ಸಿಡಿದ ಒಟ್ಟು ದ್ರವ್ಯಕ್ಕಿಂತಲೂ ಹೆಚ್ಚು. ಇಂತಹ ಲೆಕ್ಕವನ್ನು ಯಾವ ಪರಿಶೋಧಕನು ಒಪ್ಪಿಯಾನು?

2010ರಲ್ಲಿ ಕೇಸನ್ ಮತ್ತು ಬಿಲ್ಡ್‌ಸ್ಟನ್ ಒಂದು ಕಡೆ, ವೂಸ್ಲಿ ಇನ್ನೊಂದು ಕಡೆ, ಒಂದೇ ಗುಪ್ತನಿಧಿಯನ್ನು ತೋರಿಸಿದರು. ಕುಸಿದ ಗರ್ಭವು ಇಪ್ಪತ್ತು ಕಿಲೋಮೀಟರ್ ಅಡ್ಡಳತೆಯ ನ್ಯೂಟ್ರಾನ್ ತಾರೆಯಾಗಿ, ಬುಗುರಿಯಂತೆ ಗಿರ್ರನೆ ತಿರುಗುತ್ತದೆ. ಅದರ ಕಾಂತಕ್ಷೇತ್ರ ಅತ್ಯಂತ ಪ್ರಬಲವಾಗಿದ್ದರೆ ಅದೇ ಮ್ಯಾಗ್ನೆಟಾರ್. ಆ ಕಾಂತಕ್ಷೇತ್ರವೇ ಬುಗುರಿಗೆ ತಡೆಯೊಡ್ಡುತ್ತದೆ. ಕಳೆದುಕೊಂಡ ಭ್ರಮಣಶಕ್ತಿ ಸುತ್ತಲಿನ ಅವಶೇಷವನ್ನು ಒಳಗಿನಿಂದ ಕಾಯಿಸುತ್ತದೆ.

ನಮಗೆ ಹತ್ತಿರದ ನಿದರ್ಶನ ಎಸ್‌ಎನ್ 2020ಎಎನ್‌ಕೆ. ಅದರ ಬೆಳಕು ಸುಮಾರು 300 ಕೋಟಿ ವರ್ಷ ಪಯಣಿಸಿ ಬಂದದ್ದು. ನೈನಿತಾಲ್ ಬಳಿಯ ದೇವಸ್ಥಳದ 3.6 ಮೀಟರ್ ದೂರದರ್ಶಕವೂ ಅದನ್ನು ನೋಡಿತು. ಹೊಂದಿಸಿದ ಲೆಕ್ಕದಂತೆ ಅಲ್ಲಿನ ಬುಗುರಿ ಸೆಕೆಂಡಿಗೆ ಸುಮಾರು 450 ಸುತ್ತು ಹಾಕುತ್ತಿತ್ತು. ಅದರ ಕಾಂತಕ್ಷೇತ್ರ ಭೂಮಿಯದಕ್ಕಿಂತ ಕೋಟಿ ಕೋಟಿ ಪಟ್ಟಿಗೂ ಮಿಗಿಲು.

ಆದರೆ ವೇಗ, ಕಾಂತಬಲ ಇವೆರಡನ್ನೂ ಬೇಕಾದಂತೆ ಹೊಂದಿಸಿಕೊಳ್ಳುವ ಸಿದ್ಧಾಂತ ಬಹಳಷ್ಟು ಸಂಗತಿಗೆ ಒಗ್ಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ನನ್ನ ಸಂಶಯ ಅಲ್ಲಿಯೇ. ಸರಳ ಮ್ಯಾಗ್ನೆಟಾರ್ ಲೆಕ್ಕದಲ್ಲಿ ಪ್ರಭೆ ನಯವಾಗಿ ಇಳಿಯಬೇಕು. ವಾಸ್ತವದಲ್ಲಿ ಅನೇಕ ಮಹಾನವ್ಯಗಳ ಇಳಿಜಾರಿನಲ್ಲಿ ಉಬ್ಬುಗಳಿವೆ. ತಾರೆ ಸಾಯುವ ಮುನ್ನವೇ ಉಗುಳಿದ ಅನಿಲಕ್ಕೆ ಸ್ಫೋಟ ಬಡಿದರೂ ಬೆಳಕು ಹುಟ್ಟೀತು. 2006ರ ಎಸ್‌ಎನ್ 2006ಜಿವೈಗೆ ಈ ವಿವರಣೆಯೇ ಹೆಚ್ಚು ಒಪ್ಪುತ್ತದೆ. ಎಲ್ಲಕ್ಕೂ ಒಂದೇ ಕಾರಣವೆಂದು ಹಟ ಹಿಡಿಯಬೇಕಾಗಿಲ್ಲ.

ನಿಜವಾದ ಪರೀಕ್ಷೆ ಕೊನೆಯ ಮಂಕಿನಲ್ಲಿದೆ. ಕೋಬಾಲ್ಟಿನ ಶಕ್ತಿ 77 ದಿನಕ್ಕೊಮ್ಮೆ ಅರ್ಧವಾಗುತ್ತದೆ. ಬುಗುರಿಯದು ಕಾಲದ ವರ್ಗಕ್ಕೆ ವಿಲೋಮವಾಗಿ, ಕ್ರಮೇಣ ನಿಧಾನಗೊಳ್ಳುತ್ತ ಇಳಿಯುತ್ತದೆ. ಇದನ್ನರಿಯಲು ತಿಂಗಳುಗಟ್ಟಲೆ ಬೆನ್ನಟ್ಟಬೇಕು. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕ ಇಂತಹ ಕೆಲಸಕ್ಕೆ ಒದಗುತ್ತದೆ. ಅದನ್ನು ಉಪಗ್ರಹ ಸಂಪರ್ಕದಿಂದ ನಡೆಸುವ ಕೊಠಡಿ ಇರುವುದು ಕೋಲಾರದ ಹಾದಿಯಲ್ಲಿ, ನಮ್ಮ ಹೊಸಕೋಟೆಯಲ್ಲಿ.