ಉಗ್ರಾಣಕ್ಕೆ ವಿಷ ಬಂದರೆ
(ಡೊಂಬಿವಲಿಯ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ಖೋಲಿ ಬಾಡಿಗೆಯ ವಿಚಾರ ಬಿಟ್ಟು ಇಂದು ಕಂಪ್ಯೂಟರಿನ ಮಾತನ್ನೇಕೆ ಎತ್ತಿದಿರಿ ಎಂದು ನೀವು ಕೇಳಬಹುದು. ಕಾರಣವಿದೆ. 1982ರ ಜನವರಿ 18ರಂದು ಮೊದಲಾದ ಮುಷ್ಕರದ ತರುವಾಯ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ನಮ್ಮವರ ಮಕ್ಕಳು ಓದು ಮುಗಿಸಿ ಇಂದು ನವಿ ಮುಂಬಯಿಯ ಐರೋಲಿ, ಮಹಾಪೆಗಳ ಕಚೇರಿಗಳಿಗೆ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರ ಕೆಲಸದಲ್ಲಿರುವ ಅಪಾಯ ನಮಗೆ ತಿಳಿಯದೆ ಹೋದರೆ, ನಾಳೆ ಅವರ ತಲೆಯ ಮೇಲೆ ತಪ್ಪು ಬಿದ್ದಾಗ ಅವರ ಪರವಾಗಿ ಮಾತನಾಡುವವರು ಯಾರು?

ಹೋಟೆಲಿನವರು ಮೆಣಸಿನಕಾಯಿ ಬೆಳೆಯುವುದಿಲ್ಲ, ಎಣ್ಣೆ ಹಿಂಡುವುದಿಲ್ಲ. ಅಂಗಡಿಯಿಂದ ಪೊಟ್ಟಣ ತಂದು ಅಡಿಗೆ ಮಾಡುತ್ತಾರೆ. ಸಾಫ್ಟ್‌ವೇರ್ ಕೂಡ ಹಾಗೆಯೇ. ಲೋಕದ ನಾನಾ ಕಡೆಯ ಜನ ತಾವು ಬರೆದದ್ದನ್ನು ಪೊಟ್ಟಣ ಕಟ್ಟಿ, ಯಾರು ಬೇಕಾದರೂ ಪುಕ್ಕಟೆಯಾಗಿ ಕೊಂಡೊಯ್ಯಲೆಂದು ಸಾರ್ವಜನಿಕ ಉಗ್ರಾಣಗಳಲ್ಲಿ ಇಡುತ್ತಾರೆ. ಎನ್‌ಪಿಎಂ, ಪೈಪಿಐ ಎಂಬುವು ಇಂಥ ದೊಡ್ಡ ಉಗ್ರಾಣಗಳು. ಇದು ದೊಡ್ಡ ಉಪಕಾರವೇ ಸರಿ. ಬಡವರ ಮಕ್ಕಳು ಕಾಸು ಖರ್ಚಿಲ್ಲದೆ ಈ ವಿದ್ಯೆ ಕಲಿತದ್ದು ಇದರಿಂದಲೇ. ಆದರೆ ಅಲ್ಲಿ ಯಾರು ಬೇಕಾದರೂ ಪೊಟ್ಟಣ ಇಡಬಹುದು. ಮೇಲಾಗಿ ಒಂದು ಪೊಟ್ಟಣ ತಂದರೆ ಅದರ ಬೆನ್ನಿಗೆ ಕೆಲವೊಮ್ಮೆ ನೂರಾರು ಪೊಟ್ಟಣಗಳು ತಾವಾಗಿಯೇ ಬರುತ್ತವೆ. ಅವನ್ನೆಲ್ಲ ಬಿಚ್ಚಿ ನೋಡುವವರು ವಿರಳ.

ಕಳ್ಳರು ಒಳನುಗ್ಗುವುದು ಮುಖ್ಯವಾಗಿ ಮೂರು ದಾರಿಗಳಿಂದ.

ಮೊದಲನೆಯದು ಹೆಸರಿನ ಮೋಸ. 'ಕ್ರಾಸ್-ಎನ್ವ್' ಎಂಬ ಒಳ್ಳೆಯ ಪೊಟ್ಟಣವಿತ್ತು. 2017ರಲ್ಲಿ ಯಾರೋ ಅದರ ನಡುವಿನ ಅಡ್ಡಗೆರೆಯನ್ನು ಮಾತ್ರ ತೆಗೆದು ಅದೇ ಹೆಸರಿನ ಇನ್ನೊಂದನ್ನು ಇಟ್ಟರು. ಅವಸರದಲ್ಲಿ ಅದನ್ನು ತಂದವರ ಯಂತ್ರದಲ್ಲಿದ್ದ ಗುಟ್ಟಿನ ಬೀಗದಕೈಗಳು ಕಳ್ಳರ ಪಾಲಾಗುವಂತಿತ್ತು.

ಎರಡನೆಯದು ನಂಬಿಕೆಯ ಮೋಸ. 'ಇವೆಂಟ್-ಸ್ಟ್ರೀಮ್' ಎಂಬ ಬಹು ಬಳಕೆಯ ಪೊಟ್ಟಣವನ್ನು ಒಬ್ಬರು ಸಂಬಳವಿಲ್ಲದೆ ನೋಡಿಕೊಂಡಿದ್ದರು. ನಾನು ಸಹಾಯ ಮಾಡುತ್ತೇನೆಂದು ಬಂದ ಅಪರಿಚಿತನಿಗೆ ಅದನ್ನು ಒಪ್ಪಿಸಿದರು. ಅವನು ಅದರೊಳಗೆ ಇನ್ನೊಂದು ಪುಟ್ಟ ಪೊಟ್ಟಣ ಸೇರಿಸಿ, ಜನರ ಬಿಟ್‌ಕಾಯಿನ್ ಹಣ ಕದಿಯಲು ಹೊಂಚು ಹಾಕಿದ. 2018ರ ನವೆಂಬರಿನಲ್ಲಿ ಇದು ಬಯಲಾಯಿತು.

ಮೂರನೆಯದು ಬೀಗದಕೈಯ ಕಳವು. 2025ರ ಸಪ್ಟೆಂಬರಿನಲ್ಲಿ ಎನ್‌ಪಿಎಂ ಉಗ್ರಾಣದ ಹೆಸರಿನಲ್ಲಿ ಸುಳ್ಳು ಪತ್ರ ಬರೆದು, ಪೊಟ್ಟಣಗಳ ಒಡೆಯರೊಬ್ಬರ ಗುಟ್ಟಿನ ಪದವನ್ನು ಕಳ್ಳರು ಪಡೆದರು. 18 ಪೊಟ್ಟಣಗಳಿಗೆ ವಿಷ ಬಿತ್ತು. ವಾರಕ್ಕೆ ಅವೆಲ್ಲ ಸೇರಿ 200 ಕೋಟಿಗಿಂತ ಹೆಚ್ಚು ಸಲ ಇಳಿಸಿಕೊಳ್ಳಲ್ಪಡುತ್ತಿದ್ದವು! ಕೆಲವೇ ತಾಸುಗಳಲ್ಲಿ ಪತ್ತೆಯಾದುದರಿಂದ ಲೋಕ ಬದುಕಿತು.

ಇದೆಲ್ಲ ದೂರದ ಕಥೆಯೆಂದು ತಿಳಿಯಬೇಡಿರಿ. ನಂಬಿದ ಕಡೆಯಿಂದ ಬಂದ ಸಾಫ್ಟ್‌ವೇರೇ ವಿಷವಾದ ಪ್ರಕರಣ ನಮ್ಮ ಮಗ್ಗುಲಲ್ಲಿಯೇ ನಡೆದಿದೆ. ಉಕ್ರೇನ್ ದೇಶದಲ್ಲಿ ಲೆಕ್ಕಪತ್ರ ಇಡುವ ಎಂ.ಇ.ಡಾಕ್ ಎಂಬ ಸಾಫ್ಟ್‌ವೇರ್ ಇತ್ತು. ಅದು ಸಾರ್ವಜನಿಕ ಉಗ್ರಾಣದ್ದಲ್ಲ, ಒಂದು ಕಂಪೆನಿಯದು. ಕೇಡಿಗರು ಅದರ ಹೊಸ ಆವೃತ್ತಿಯೊಳಗೆ ನಾಟ್‌ಪೆಟ್ಯಾ ಎಂಬ ಪಿಡುಗನ್ನು ಅಡಗಿಸಿದರು. 2017ರ ಜೂನ್ 27ರಂದು ಅದು ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಕಂಪೆನಿಗೆ ಹಬ್ಬಿ, ನವಿ ಮುಂಬಯಿಯ ಪಕ್ಕದ ನ್ಹಾವಾ ಶೇವಾ ಬಂದರಿನಲ್ಲಿ ಅದೇ ಸಮೂಹದವರು ನಡೆಸುತ್ತಿದ್ದ ಟರ್ಮಿನಲ್ಲಿನ ಕಂಪ್ಯೂಟರುಗಳನ್ನು ಕೆಡವಿತು. ಕಂಪ್ಯೂಟರು ಮಾಡುತ್ತಿದ್ದ ಕೆಲಸವನ್ನು ಕೈಯಿಂದ ಮಾಡಬೇಕಾಯಿತು. ಕಂಪೆನಿ 45,000 ಕಂಪ್ಯೂಟರುಗಳನ್ನು ಹೊಸದಾಗಿ ಸಜ್ಜುಗೊಳಿಸಬೇಕಾಯಿತು. ನಷ್ಟ 25ರಿಂದ 30 ಕೋಟಿ ಡಾಲರು. ಎಲ್ಲಿಯ ಉಕ್ರೇನ್, ಎಲ್ಲಿಯ ಉರಣ!

ಹಾಗಾದರೆ ಮಾಡತಕ್ಕದ್ದೇನು? ಈ ಕೆಲಸದಲ್ಲಿರುವ ತರುಣರಿಗೆ ನಮ್ಮ ಬಿನ್ನಹವಿಷ್ಟು. ಪೊಟ್ಟಣದ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿರಿ. ಇಂದು ಬಂದ ಹೊಸ ಆವೃತ್ತಿಯನ್ನು ಇಂದೇ ಬಳಸಬೇಡಿರಿ; ವಿಷದ ಪೊಟ್ಟಣಗಳು ಬಹಳಷ್ಟು ಸಲ ಮೊದಲ ಕೆಲವು ದಿನಗಳಲ್ಲೇ ಸಿಕ್ಕಿಬೀಳುತ್ತವೆ. ಆದರೆ ದೋಷ ತಿದ್ದಿದ ಆವೃತ್ತಿ ಬಂದಾಗ ತಡಮಾಡುವುದೂ ಕೇಡು. ಹಿರಿಯರನ್ನು ಕೇಳಿ ನಡೆಯಿರಿ. ಯಾವ ಪೊಟ್ಟಣದ ಯಾವ ಆವೃತ್ತಿ ತಂದಿರೆಂಬುದರ ಪಟ್ಟಿ ಇಡಿರಿ. ಎಷ್ಟೇ ಅವಸರದ ಪತ್ರ ಬಂದರೂ ಅದರಲ್ಲಿ ತೋರಿಸಿದ ಕಡೆಗೆ ಹೋಗಿ ಗುಟ್ಟಿನ ಪದ ಕೊಡಬೇಡಿರಿ.

ಒಡೆಯರಿಗೂ ಎರಡು ಮಾತು ಹೇಳಬೇಕಾಗಿದೆ. ಪುಕ್ಕಟೆ ಸಾಮಾನಿನಿಂದ ಲಾಭ ಗಳಿಸುವವರು ಆ ಸಾಮಾನು ಕಾಯುವವರಿಗೆ ಕೂಲಿ ಕೊಡಲಿ. ಒಬ್ಬನೇ ದಣಿದು ಕಾಯುವ ಉಗ್ರಾಣಕ್ಕೆ ಕಳ್ಳ ಬರುವುದು ಸುಲಭ. ಎರಡನೆಯದಾಗಿ, ಪರೀಕ್ಷಿಸಲು ಹೊತ್ತನ್ನೇ ಕೊಡದೆ ರಾತ್ರಿಯೊಳಗೆ ಮುಗಿಸೆಂದು ದುಡಿಸಿ, ಕೇಡಾದಾಗ ಎಲ್ಲರಿಗಿಂತ ಕಿರಿಯನನ್ನು ಮನೆಗೆ ಕಳಿಸುವುದು ನ್ಯಾಯವಲ್ಲ. ಕೆಟ್ಟ ನೂಲು ಕೊಟ್ಟು, ಬಟ್ಟೆ ಕೆಟ್ಟಿತೆಂದು ನೇಕಾರನ ಕೂಲಿ ಹಿಡಿದರೆ ಗಿರಣಿಯವರು ಸುಮ್ಮನಿದ್ದರೇನು?

2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರೊಯಿಂಡ್ ಎಂಬ ಇಂಜಿನಿಯರರು, ಕಂಪ್ಯೂಟರಿನೊಳಗೆ ಪ್ರವೇಶ ದೊರೆಯಲು ಅರ್ಧ ಸೆಕೆಂಡು ಹೆಚ್ಚು ತಗಲುತ್ತಿರುವುದನ್ನು ಗಮನಿಸಿದರು. ಸುಮ್ಮನೆ ಬಿಡದೆ ಹುಡುಕಿ, ಎಕ್ಸ್‌ಝಡ್ ಎಂಬ ಸಾಫ್ಟ್‌ವೇರಿನಲ್ಲಿ ಅಡಗಿಸಿಟ್ಟಿದ್ದ ಕಳ್ಳಬಾಗಿಲನ್ನು ಜಗತ್ತಿಗೆ ತೋರಿಸಿದರು. ಕೆಲಸಗಾರನಿಗೆ ನಿಂತು ನೋಡುವಷ್ಟು ಹೊತ್ತೂ, ಕಂಡದ್ದನ್ನು ಹೇಳುವಷ್ಟು ಧೈರ್ಯವೂ ಇದ್ದರೆ ಆಗುವ ಉಪಕಾರವಿದು. ಆ ಹೊತ್ತನ್ನೂ ಧೈರ್ಯವನ್ನೂ ನಮ್ಮ ಮಕ್ಕಳಿಗೆ ಕೇಳಿ ಪಡೆಯುವುದು ಸಂಘಟಿತರಾದ ನಮ್ಮೆಲ್ಲರ ಹೊಣೆ.