ಕಹಿನಗೆಯ ಚಲಚ್ಚಿತ್ರಗಳು

ಹಾಸ್ಯರಸಕ್ಕೆ ಕರುಣವೂ ಭಯಾನಕವೂ ವಿರೋಧಿಗಳೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಹೇಳಿರುವನು. ಲೋಕದ ನಡೆಯೂ ಹಾಗೆಯೇ ಇರುವುದಷ್ಟೆ. ಸಾವಿನ ಮನೆಯಲ್ಲಿ ಯಾರೂ ನಗುವುದಿಲ್ಲ. ನಕ್ಕವನನ್ನು ನಾಲ್ಕು ಮಂದಿ ಮೆಚ್ಚುವುದಿಲ್ಲ. ಹೀಗಿದ್ದರೂ ಯುದ್ಧ, ಕೊಲೆ, ಲಂಚಗುಳಿತನ, ಸರ್ವನಾಶ ಇವನ್ನೇ ವಸ್ತುವಾಗಿ ಮಾಡಿಕೊಂಡು ನಮ್ಮನ್ನು ನಗಿಸುವ ಚಲಚ್ಚಿತ್ರಗಳು ಕೆಲವುಂಟು. ಇವನ್ನು ನೋಡಿ ನಗುವುದು ತಕ್ಕುದೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ನೋಡಲೇಬೇಕಾದುವೆಂದು ನಮಗೆ ತೋರಿದ ನಾಲ್ಕು ಚಿತ್ರಗಳ ವಿಚಾರವನ್ನು ಶ್ರೋತೃಗಳಲ್ಲಿ ಅರಿಕೆಮಾಡುತ್ತೇವೆ.

ಮೊದಲನೆಯದು ಚಾರ್ಲಿ ಚಾಪ್ಲಿನ್ನರ 'ದಿ ಗ್ರೇಟ್ ಡಿಕ್ಟೇಟರ್'. ಚಾಪ್ಲಿನ್ನರು ಹುಟ್ಟಿದುದು 1889ನೆಯ ಏಪ್ರಿಲ್ 16ರಂದು. ಹಿಟ್ಲರನು ಹುಟ್ಟಿದುದು ಅದಕ್ಕೆ ನಾಲ್ಕೇ ದಿನಗಳ ತರುವಾಯ. ಬೆಳ್ಳಿತೆರೆಯ ಚಾಪ್ಲಿನ್ನರಿಗೂ ಹಿಟ್ಲರನಿಗೂ ಒಂದೇ ಬಗೆಯ ತುಂಡುಮೀಸೆ. ಈ ಹೋಲಿಕೆಯನ್ನು ಬಳಸಿಕೊಂಡು ಚಾಪ್ಲಿನ್ನರು ಯೆಹೂದ್ಯ ಕ್ಷೌರಿಕನ ಪಾತ್ರವನ್ನೂ ಸರ್ವಾಧಿಕಾರಿ ಹಿಂಕೆಲನ ಪಾತ್ರವನ್ನೂ ತಾವೇ ವಹಿಸಿದರು. ಹಿಂಕೆಲನು ಭೂಗೋಳದ ಆಕಾರದ ಬೆಲೂನೊಂದನ್ನು ಮೇಲಕ್ಕೆ ಚಿಮ್ಮುತ್ತ, ಮುದ್ದಿಸುತ್ತ, ತನ್ಮಯನಾಗಿ ಕುಣಿಯುವನು. ಕೊನೆಗೆ ಅದು ಅವನ ಕೈಯಲ್ಲೇ ಒಡೆದುಹೋಗುವುದು. ಚಿತ್ರವು ಹೊರಬಂದುದು 1940ರಲ್ಲಿ. ಅಮೆರಿಕವು ಆಗ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಜರ್ಮನಿಯ ಬಂದಿಶಿಬಿರಗಳ ಘೋರವು ತಮಗೆ ಆಗಲೇ ತಿಳಿದಿದ್ದರೆ ಈ ಚಿತ್ರವನ್ನು ತಾವು ತೆಗೆಯಲಾಗುತ್ತಿರಲಿಲ್ಲವೆಂದು ಚಾಪ್ಲಿನ್ನರೇ 1964ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದಿರುವರು. ಈ ಮಾತನ್ನು ನಾವು ಲಘುವಾಗಿ ತಳ್ಳಿಹಾಕಲಾರೆವು. ನಗೆಗೂ ಒಂದು ಎಲ್ಲೆಯುಂಟೆಂದು ನಗಿಸುವವನೇ ಒಪ್ಪಿಕೊಂಡಂತಾಯಿತು.

ಆ ಎಲ್ಲೆಯ ಅಂಚಿನಲ್ಲಿಯೇ ನಡೆದುಹೋದ ಚಿತ್ರ ಎರ್ನ್‌ಸ್ಟ್ ಲೂಬಿಚ್ಚರ 'ಟು ಬಿ ಆರ್ ನಾಟ್ ಟು ಬಿ'. ಲೂಬಿಚ್ಚರು ಬರ್ಲಿನ್ನಿನಲ್ಲಿ ಹುಟ್ಟಿದ ಯೆಹೂದ್ಯರು. ನಾಟ್ಸಿಗಳ ವಶವಾದ ವಾರ್ಸಾ ನಗರದ ಒಂದು ನಾಟಕಮಂಡಲಿಯು ವೇಷ ಹಾಕಿಯೇ ಶತ್ರುಗಳನ್ನು ವಂಚಿಸುವುದು ಇದರ ಕಥೆ. 1942ರಲ್ಲಿ ಇದು ತೆರೆಗೆ ಬಂದಾಗ, ನರಳುತ್ತಿರುವ ವಾರ್ಸಾವನ್ನು ನಗೆಗೆ ಗುರಿಮಾಡುವುದು ಸದಭಿರುಚಿಯಲ್ಲವೆಂದು ಹಲವು ವಿಮರ್ಶಕರು ಖಂಡಿಸಿದರು. ಆದರೆ ಚಿತ್ರವನ್ನು ಗಮನವಿಟ್ಟು ನೋಡಿದರೆ ಬೇರೊಂದು ಸಂಗತಿ ಕಾಣುವುದು. ಮಂಡಲಿಯಲ್ಲಿ ಗ್ರೀನ್‌ಬರ್ಗ್ ಎಂಬ ಸಣ್ಣ ನಟನೊಬ್ಬನಿರುವನು. ಭರ್ಜಿ ಹಿಡಿದು ಮೂಲೆಯಲ್ಲಿ ನಿಲ್ಲುವುದೇ ಅವನ ಪಾಲಿಗೆ ಬಂದ ಪಾತ್ರ. ಶೇಕ್ಸ್‌ಪಿಯರನ ಶೈಲಾಕನ ಮಾತನ್ನು ಒಮ್ಮೆ ಆಡಬೇಕೆಂಬುದು ಬಾಳಿನ ಆಸೆ. ಕಟ್ಟಕಡೆಗೆ ನಾಟ್ಸಿ ಸೈನಿಕರ ನಡುವೆ ನಿಂತು ಅವನು ಆ ಮಾತನ್ನು ಆಡುವನು. ಅಲ್ಲಿ ಯಾರಿಗೂ ನಗೆ ಬಾರದು. ಗೆದ್ದವನ ಗರ್ವಕ್ಕೆ ಮಾತ್ರ ನಗೆ, ನೊಂದವನಿಗೆ ಮರುಕ.

ಇಲ್ಲಿ ನಮ್ಮ ಆಲಂಕಾರಿಕರ ಇನ್ನೊಂದು ಮಾತು ನೆನಪಿಗೆ ಬರುವುದು. ಒಬ್ಬನಲ್ಲಿಯೇ ಇಟ್ಟರೆ ಹೊಂದದ ರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿಟ್ಟರೆ ವಿರೋಧವು ಪರಿಹಾರವಾಗುವುದೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಹೇಳಿರುವನು. ಕಹಿನಗೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ನಮಗೆ ಕಾಣದು. ನೊಂದವನನ್ನೇ ನೋಡಿ ನಗಿಸಿದರೆ ಅದು ಕ್ರೌರ್ಯ. ನೋಯಿಸಿದವನನ್ನು ನೋಡಿ ನಗಿಸಿದರೆ ಅದು ನ್ಯಾಯದ ಒಂದು ಬಗೆ.

ಮೂರನೆಯದು ಸ್ಟಾನ್ಲಿ ಕ್ಯೂಬ್ರಿಕ್ಕರ 'ಡಾಕ್ಟರ್ ಸ್ಟ್ರೇಂಜ್‌ಲವ್', 1964ರ ಚಿತ್ರ. ಇದರ ಮೂಲವು ಪೀಟರ್ ಜಾರ್ಜರ ಗಂಭೀರವಾದ ಕಾದಂಬರಿ. ಕ್ಯೂಬ್ರಿಕ್ಕರೂ ಮೊದಲು ಗಂಭೀರಚಿತ್ರವನ್ನೇ ಉದ್ದೇಶಿಸಿದ್ದರು. ಬುದ್ಧಿಗೆಟ್ಟ ಸೇನಾಧಿಪತಿಯೊಬ್ಬನು ಅಣುಬಾಂಬಿನ ವಿಮಾನಗಳನ್ನು ರಷ್ಯದ ಮೇಲೆ ಕಳುಹುವನು. ಅವನ್ನು ಹಿಂದಕ್ಕೆ ಕರೆಯುವ ಗುಪ್ತಸಂಕೇತವನ್ನು ಊಹಿಸಿದ ಅಧಿಕಾರಿಗೆ ಅಧ್ಯಕ್ಷರೊಡನೆ ಟೆಲಿಫೋನಿನಲ್ಲಿ ಮಾತಾಡಲು ಚಿಲ್ಲರೆ ಇಲ್ಲ. ಪಕ್ಕದ ಕೋಕಾ ಕೋಲಾ ಯಂತ್ರವನ್ನು ಗುಂಡು ಹೊಡೆದು ಒಡೆದರೆ ನಾಣ್ಯ ದೊರೆಯುವುದು. ಜೊತೆಗಿದ್ದ ಕರ್ನಲನಾದರೋ ಅದು ಪರರ ಸ್ವತ್ತೆಂದು ಹಿಂದೆಗೆಯುವನು! ಲೋಕವು ಉಳಿಯುವುದೋ ಇಲ್ಲವೋ ಎಂಬಾಗಲೂ ಅವನಿಗೆ ಕಾಯಿದೆಯ ಚಿಂತೆ. ಇಲ್ಲಿ ಮರುಕಕ್ಕೆ ಪಾತ್ರರಾದವರು ತೆರೆಯ ಮೇಲೆ ಬಹುಮಟ್ಟಿಗೆ ಇಲ್ಲವೇ ಇಲ್ಲ. ಅವರು ಕುರ್ಚಿಗಳಲ್ಲಿ ಕುಳಿತಿರುವ ನಾವೇ.

ಕಡೆಯದು ನಮ್ಮ ದೇಶದ್ದು: ಕುಂದನ್ ಷಾ ಅವರ ಹಿಂದೀ ಚಿತ್ರ 'ಜಾನೆ ಭಿ ದೋ ಯಾರೋ', 1983. ಮುಂಬಯಿಯ ಇಬ್ಬರು ಬಡ ಛಾಯಾಚಿತ್ರಗಾರರ ಕೈಗೆ, ಕಟ್ಟಡದ ದಣಿಯೊಬ್ಬನು ಮಾಡಿದ ಕೊಲೆಯ ಸಾಕ್ಷ್ಯವು ಅಕಸ್ಮಾತ್ತಾಗಿ ಸಿಕ್ಕುವುದು. ಸತ್ತವನು ನಗರದ ಲಂಚಗುಳಿ ಕಮಿಷನರು. ಅವನ ಹೆಣವು ಕೈಯಿಂದ ಕೈಗೆ ಅಲೆದು, ಕೊನೆಗೆ ದ್ರೌಪದಿಯ ವೇಷದಲ್ಲಿ ನಾಟಕದ ರಂಗವನ್ನೇರುವುದು; ವಸ್ತ್ರಾಪಹರಣವು ನಡೆಯದಂತೆ ಎಲ್ಲರೂ ಎಳೆದಾಡುವರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಕಡೆಗೆ ಆಗುವುದೇನು? ದೊಡ್ಡವರೆಲ್ಲರೂ ಒಳಗೊಳಗೇ ರಾಜಿಯಾಗುವರು. ಸೇತುವೆ ಕುಸಿದ ಅಪರಾಧವು ಆ ಇಬ್ಬರ ತಲೆಗೆ ಬರುವುದು. ಗೆಲುವು ನಮ್ಮದೇ ಎಂಬ ಹಾಡು ಕೇಳುತ್ತಿರಲು ಅವರು ಕೈದಿಗಳ ಉಡುಪಿನಲ್ಲಿ ಬೀದಿಯಲ್ಲಿ ನಡೆದು ಬಂದು, ನಮ್ಮತ್ತ ತಿರುಗಿ, ಕತ್ತು ಕೊಯ್ದರೆಂದು ಕೈಸನ್ನೆ ಮಾಡುವರು.

ಇದುವರೆಗೆ ನಮ್ಮನ್ನು ನಗಿಸಿದವರೂ ಅವರೇ, ಈಗ ಮರುಕ ಹುಟ್ಟಿಸುವವರೂ ಅವರೇ. ಎರಡು ರಸಗಳಿಗೂ ಆಶ್ರಯ ಒಂದಾಯಿತು. ವಿಶ್ವನಾಥನು ಹೇಳಿದಂತೆಯೇ ನಗೆ ಗಂಟಲಲ್ಲಿ ನಿಂತಿತು. ಆ ನಿಲುಗಡೆಯನ್ನು ಚಿತ್ರಕಾರರು ಬೇಕೆಂದೇ ತಂದಿರುವರು. ಹಗರಣವೆಂದರೆ ನಕ್ಕು ಎದ್ದುಹೋಗುವ ಅಭ್ಯಾಸ ನಮ್ಮದು. 'ಹೋಗಲಿ ಬಿಡಿ ಗೆಳೆಯರೇ' ಎಂಬುದೇ ಆ ಹೆಸರಿನ ಅರ್ಥ. ಹೋಗಲಿ ಬಿಡಿ ಎಂದವರು ಯಾರು ಎಂಬ ಪ್ರಶ್ನೆಯನ್ನು ಹಾಕಿಕೊಳ್ಳಲು ಸಿದ್ಧರಿರುವವರು ಈ ಚಿತ್ರಗಳನ್ನು ನೋಡಬಹುದು, ನಗಲೂ ಬಹುದು.